ಆಡಿಯೊ ಅಂಗಡಿ: ಒಂದೇ ಸೆಟ್‌ಗೆ ನಾಲ್ಕು ಬೆಲೆ ಹೇಳಿದರು, ನಿಜವಾದದ್ದು ಯಾವುದು?

ಸಾವಿರ ಮೆಟ್ಟಿಲು (ಮೈಸೂರು):

ಎಲ್ಲರಿಗೂ ನಮಸ್ಕಾರ. ಇಲ್ಲಿ ಬರೆಯುತ್ತಿರುವುದು ಇದೇ ಮೊದಲು. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮಪ್ಪ ತೀರಿಹೋಗಿ ಎರಡು ವರ್ಷ ಆಯಿತು. ಅವರ ಟರ್ನ್‌ಟೇಬಲ್ಲು, ಇನ್ನೂರು ಚಿಲ್ಲರೆ ಎಲ್‌ಪಿಗಳು ಅಟ್ಟದ ಮೇಲಿದ್ದವು. ದಸರಾ ರಜೆಯಲ್ಲಿ ಕೆಳಗಿಳಿಸಿ ಬೆಲ್ಟು, ಸೂಜಿ ಬದಲಾಯಿಸಿದೆ. ತಿರುಗಿತು. ಆದರೆ ಆಂಪ್ಲಿಫೈಯರ್ ಸತ್ತಿದೆ, ಸ್ಪೀಕರ್‌ನ ಕಾಗದದ ಕೋನನ್ನು ಇಲಿ ತಿಂದಿದೆ. ಒಂದು ಎಲ್‌ಐಸಿ ಪಾಲಿಸಿ ಮುಗಿದು ದುಡ್ಡು ಕೈಗೆ ಬಂದಿತ್ತು. ಜೀವನದಲ್ಲಿ ಒಂದು ಸಲ ಒಳ್ಳೆಯ ಸ್ಟೀರಿಯೊ ಕೊಂಡುಬಿಡೋಣ ಅನ್ನಿಸಿತು. ಬಜೆಟ್ ಎರಡು ಲಕ್ಷ. ಹೆಂಡತಿಗೆ ಹೇಳಿರುವುದು ಒಂದೂವರೆ.

ಶನಿವಾರ ಬೆಳಗ್ಗೆ ರೈಲು ಹತ್ತಿ ಬೆಂಗಳೂರಿಗೆ ಹೋದೆ. ಹೆಸರಿರುವ ಒಂದು ಶೋರೂಮ್. ಹೆಸರು ಬರೆಯುವುದಿಲ್ಲ. ಒಳಗೆ ಹೋದರೆ ಚಪ್ಪಲಿ ಬಿಡಬೇಕಾ ಅಂತ ಅನುಮಾನ ಬರುವಷ್ಟು ಚೊಕ್ಕ. ಕಾಫಿ ಕೊಟ್ಟರು. ದಪ್ಪ ಕಾರ್ಪೆಟ್ಟಿನ ಕೋಣೆಯಲ್ಲಿ ಕೂರಿಸಿ, ಲೈಟು ಮಂದ ಮಾಡಿ, ಮುಕ್ಕಾಲು ಗಂಟೆ ಕೇಳಿಸಿದರು. ನಾನು ಒಯ್ದಿದ್ದ ಅಪ್ಪನ ಎಲ್‌ಪಿಯನ್ನೂ ಹಾಕಿದರು. ತಂಬೂರಿ ಶುರುವಾದಾಗ ಅಪ್ಪ ಪಕ್ಕದಲ್ಲೇ ಕೂತ ಹಾಗಾಯಿತು. ಅಲ್ಲಿಗೆ ನಾನು ಮುಗಿದೆ. ಅದು ಆ ಸೇಲ್ಸ್‌ಮನ್‌ಗೂ ಗೊತ್ತಾಯಿತು.

ಆಮೇಲೆ ಬೆಲೆ. ಸ್ಪೀಕರ್ ಜೋಡಿಯ ಎಂಆರ್‌ಪಿ 1,60,000. ಇಂಟಿಗ್ರೇಟೆಡ್ ಆಂಪ್, ಅಂದರೆ ಎಲ್ಲ ಒಂದೇ ಡಬ್ಬದಲ್ಲಿರುವ ಆಂಪ್ಲಿಫೈಯರ್, 95,000. ಮೂರು ಮೀಟರ್ ಸ್ಪೀಕರ್ ಕೇಬಲ್ ಜೋಡಿ 18,000. ಒಟ್ಟು 2,73,000. "ನಿಮಗೋಸ್ಕರ ಸರ್" ಅಂತ ಸ್ಪೀಕರ್, ಆಂಪ್ ಮೇಲೆ 10 ಪರ್ಸೆಂಟ್ ಬಿಟ್ಟು 2,47,500 ಅಂದರು. ನಾನು ಜಾಸ್ತಿ ಆಯಿತು ಅಂತ ಎದ್ದೆ. ಬಾಗಿಲ ಹತ್ತಿರ ಬರುವಷ್ಟರಲ್ಲಿ ಮಾಲೀಕರು ಒಳಗಿನಿಂದ ಬಂದು ಕ್ಯಾಲ್ಕ್ಯುಲೇಟರ್ ನನ್ನ ಕಡೆ ತಿರುಗಿಸಿದರು. 2,35,000. ಬಾಯಲ್ಲಿ ಹೇಳಲಿಲ್ಲ, ಸುಮ್ನೆ ತೋರಿಸಿದರು. ನಾನು ಮೈಸೂರಿಗೆ ವಾಪಸ್ ಬಂದೆ. ನಾಲ್ಕು ದಿನ ಬಿಟ್ಟು, ತಿಂಗಳ 29ನೇ ತಾರೀಕು, ಫೋನ್ ಬಂತು: "ಸರ್, ಈ ತಿಂಗಳೇ ಬಿಲ್ ಮಾಡಿಸಿದರೆ 2,12,000."

ಅಷ್ಟರಲ್ಲಿ ಇನ್ನೊಂದು ಅಂಗಡಿಯವರಿಗೂ ಫೋನ್ ಮಾಡಿದ್ದೆ. ಅವರು ದನಿ ತಗ್ಗಿಸಿ, "ಬಿಲ್ ಬೇಡ ಅಂದರೆ ಕೇಬಲ್ ಸೇರಿ 1,95,000, ಕ್ಯಾಶ್" ಅಂದರು. ಮಾಡೆಲ್ ಅದೇ.

ನನ್ನ ಸಂಕಟ ಇಷ್ಟೇ. 2,47,500ಕ್ಕೆ ಹೂಂ ಅಂದಿದ್ದರೆ ಅದನ್ನೇ ತೆಗೆದುಕೊಳ್ಳುತ್ತಿದ್ದರಲ್ವಾ? ಹಾಗಾದರೆ ಕಾಫಿ ಕೊಟ್ಟವರು ನನ್ನ ತಲೆ ಬೋಳಿಸಲು ಕೂತಿದ್ದರಾ? ಈ ವಸ್ತುವಿಗೆ ಒಂದು ನಿಜವಾದ ಬೆಲೆ ಅಂತ ಇದೆಯಾ? ಗೊತ್ತಿದ್ದವರು ಹೇಳಿ.

ಸೋಲ್ಡರ್ ಸ್ವಾಮಿ (ಹುಬ್ಬಳ್ಳಿ):

ಸರ್, ಮೊದಲು ಆ 18,000ದ ಕೇಬಲ್ ಪಟ್ಟಿಯಿಂದ ಹೊಡೆದು ಹಾಕ್ರಿ. ಉಳಿದದ್ದು ಆಮೇಲೆ ಮಾತಾಡೋಣು.

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌ಪಿ ರೋಡಿಗೆ ಹೋಗಿ 2.5 ಸ್ಕ್ವೇರ್ ಎಂಎಂ ತಾಮ್ರದ ವೈರ್ ಮೀಟರ್ ಲೆಕ್ಕದಾಗ ತಗೊಳ್ರಿ. ಮೂರು ಮೀಟರ್ ಅಂದ್ರ ಹೋಗಿ ಬರಲು ಆರು ಮೀಟರ್. ಅಷ್ಟು ಉದ್ದಕ್ಕ ಅದರ ರೆಸಿಸ್ಟೆನ್ಸ್, ಅಂದ್ರ ಕರೆಂಟಿಗೆ ಅಡ್ಡಿ, 0.05 ಓಮ್ ಸಹಿತ ಆಗೂದಿಲ್ಲ. ನಿಮ್ಮ ಸ್ಪೀಕರ್ 8 ಓಮ್. ಇದರೊಳಗ ಯಾವ ಜಾದೂನೂ ಇಲ್ಲ. ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ ಹಚ್ಚಿದ್ದು ಕೊಡ್ತಾರ, ಅದನ್ನು ಮಾತ್ರ ನೋಡಿ ತಗೊಳ್ರಿ. ತುದಿ ಬ್ಲೇಡಿನಿಂದ ಕೆರೆದು ನೋಡಿದರೆ ಒಳಗೆ ಬೆಳ್ಳಗೆ ಕಾಣ್ತದ.

ನಾನು ಸ್ಪೀಕರ್ ಡಬ್ಬನೂ ಮನೆಯಾಗ ಮಾಡಿಕೊಳ್ಳಾವ. ಅದನ್ನ ನಿಮಗ ಹೇಳೂದಿಲ್ಲ. ತಂಬೂರಿ ಕೇಳಿ ಕಣ್ಣಾಗ ನೀರು ಬಂದವರಿಗೆ ಪ್ಲೈವುಡ್ ಕೊಯ್ರಿ ಅಂತ ಹ್ಯಾಂಗ ಹೇಳೂದು.

ಕೌಂಟರ್ ಹಿಂದಿನವನು (ತರೀಕೆರೆ):

ಮೈಸೂರಿನ ಅಣ್ಣ, ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಸರವೂ ಆಯಿತು. ನಾನು ಬೆಂಗಳೂರಿನ ಒಂದು ಹೈಫೈ ಶೋರೂಮಿನಲ್ಲಿ 14 ವರ್ಷ ಇದ್ದವನು. 2019ರಲ್ಲಿ ಬಿಟ್ಟೆ. ಈಗ ಅಡಿಕೆ ತೋಟ ನೋಡಿಕೊಂಡಿದ್ದೇನೆ. ಮಾರಲಿಕ್ಕೆ ನನ್ನ ಹತ್ತಿರ ಏನೂ ಇಲ್ಲ. ಹಾಗಾಗಿ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಅಂಕಿಗಳೆಲ್ಲ ನಾನಿದ್ದ ಅಂಗಡಿಯವು. ಬೇರೆ ಕಡೆ ಸ್ವಲ್ಪ ಆಚೀಚೆ ಇರಬಹುದು.

ಕ್ಯಾಲ್ಕ್ಯುಲೇಟರ್ ತಿರುಗಿಸುವುದು ಬರೆದಿದ್ದೀರಲ್ಲ, ಅದು ನಾನೂ ಕಲಿತ ವಿದ್ಯೆ. ದನದ ಜಾತ್ರೆಯಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ ಮಾಡುತ್ತಾರೆ ನೋಡಿ, ಅದೇ ಇದು. ಪಕ್ಕದ ಸೋಫಾದಲ್ಲಿ ಕೂತ ಗಿರಾಕಿಗೆ ಅಂಕಿ ಕೇಳಿಸಬಾರದು. ನಮ್ಮಲ್ಲಿ ಪ್ರೈಸ್ ಟ್ಯಾಗಿನ ಹಿಂದೆ ಪೆನ್ಸಿಲ್‌ನಲ್ಲಿ ನಾಲ್ಕೈದು ಅಕ್ಷರ ಬರೆದಿರುತ್ತಿದ್ದರು. ಹತ್ತು ಬೇರೆ ಬೇರೆ ಅಕ್ಷರ ಇರುವ ಒಂದು ಪದ ಮಾಲೀಕರ ತಲೆಯಲ್ಲಿ ಇರುತ್ತಿತ್ತು. ಮೊದಲ ಅಕ್ಷರ ಒಂದು, ಎರಡನೆಯದು ಎರಡು, ಹೀಗೆ. ಗಿರಾಕಿ ಎದುರೇ ಟ್ಯಾಗ್ ತಿರುಗಿಸಿ ಅಂಗಡಿಗೆ ಬಿದ್ದ ಬೆಲೆ ಓದಿಕೊಳ್ಳುತ್ತಿದ್ದೆವು. ಬಟ್ಟೆ ಅಂಗಡಿಯವರ ಹಳೆಯ ಪದ್ಧತಿ. ಆ ಪದ ನನಗೆ ಹೇಳಿಕೊಟ್ಟದ್ದು ಸೇರಿದ ಮೂರನೇ ವರ್ಷ.

ಈಗ ಲೆಕ್ಕಕ್ಕೆ ಬನ್ನಿ. ನಿಮ್ಮ ಸ್ಪೀಕರ್ ಎಂಆರ್‌ಪಿ 1,60,000. ಇಂಥ ಮಾಲಿಗೆ ಇಂಪೋರ್ಟರ್ ನಮಗೆ 30 ಪರ್ಸೆಂಟ್ ಬಿಡುತ್ತಿದ್ದರು. ಅಂದರೆ ಅಂಗಡಿಗೆ ಬೀಳುವುದು 1,12,000. ನಡುವೆ 48,000. ಇದರ ಹೊಟ್ಟೆಯಲ್ಲೂ 18 ಪರ್ಸೆಂಟ್ ಜಿಎಸ್‌ಟಿ ಇದೆ. ಅದನ್ನು ತೆಗೆದರೆ ಅಂಗಡಿಗೆ ಸುಮಾರು 40,700. ನೀವು 20 ಪರ್ಸೆಂಟ್ ಬಿಡಿ ಅನ್ನುತ್ತೀರಿ. 1,28,000 ಆಯಿತು. ಈಗ ನಡುವೆ ಉಳಿದದ್ದು 16,000, ಜಿಎಸ್‌ಟಿ ಕಳೆದರೆ 13,500 ಚಿಲ್ಲರೆ. ನಿಮ್ಮ ಕಣ್ಣಿಗೆ ಅದು ಐದರಲ್ಲಿ ಒಂದು ಪಾಲು. ಅಂಗಡಿಯವನಿಗೆ ಉಳಿಯಬೇಕಾಗಿದ್ದರಲ್ಲಿ ಮೂರರಲ್ಲಿ ಎರಡು ಪಾಲು ಹೋಯಿತು. ಗಿರಾಕಿಗಳಿಗೆ ಇದು ಗೊತ್ತಿರುವುದಿಲ್ಲ, ನಾವು ಹೇಳುವ ಹಾಗೂ ಇಲ್ಲ. ಉಳಿದ ಹದಿಮೂರೂವರೆ ಸಾವಿರದಲ್ಲಿ ಕಾರ್ಡ್ ಉಜ್ಜಿದರೆ ಬ್ಯಾಂಕಿನವರಿಗೆ ಒಂದು ಪಾಲು, ಮನೆಗೆ ಬಂದು ಜೋಡಿಸಿಕೊಡುವ ಹುಡುಗನಿಗೆ ಒಂದು ಪಾಲು, ಆಮೇಲೆ ಬಾಡಿಗೆ, ಎಸಿ, ಆ ಕಾರ್ಪೆಟ್ಟು, ನಿಮ್ಮ ಕಾಫಿ.

ಇಂಪೋರ್ಟರ್ ಕಡೆ ನೋಡಿದರೆ ಅವನಿಗೂ ಅವನದೇ ಕಥೆ. ಬಂದರಿನಲ್ಲಿ 100 ರೂಪಾಯಿಯ ಮಾಲು ಇಳಿಯಿತು ಅನ್ನಿ. ಕಸ್ಟಮ್ಸ್ ಡ್ಯೂಟಿ 15 ಪರ್ಸೆಂಟ್ ಅಂತ ಹಿಡಿದರೆ, ಆ 15ರ ಮೇಲೆ ಹತ್ತನೇ ಒಂದು ಪಾಲು ಸೋಷಿಯಲ್ ವೆಲ್ಫೇರ್ ಸರ್‌ಚಾರ್ಜ್. 116 ರೂಪಾಯಿ 50 ಪೈಸೆ ಆಯಿತು. ಅದರ ಮೇಲೆ 18 ಪರ್ಸೆಂಟ್ ಐಜಿಎಸ್‌ಟಿ (ಆಮದಿನ ಮೇಲೆ ಬೀಳುವ ಜಿಎಸ್‌ಟಿ) ಕಟ್ಟಿದರೆ 137 ಚಿಲ್ಲರೆ. ಐಜಿಎಸ್‌ಟಿ ಆಮೇಲೆ ಕ್ರೆಡಿಟ್ ಆಗಿ ವಾಪಸ್ ಸಿಗುತ್ತದೆ ನಿಜ. ಆದರೆ ಕಂಟೇನರ್ ಬಿಡಿಸಿಕೊಳ್ಳುವ ದಿನ ದುಡ್ಡು ಕೈಯಿಂದ ಹೋಗಬೇಕು, ಮಾಲು ಆರು ತಿಂಗಳು ಗೋಡೌನಿನಲ್ಲಿ ಕೂತರೆ ಬಡ್ಡಿ ಅವನ ತಲೆಗೆ. ಜತೆಗೆ ರೂಪಾಯಿ ಬೀಳುತ್ತದೆ ಅನ್ನುವ ಭಯ. ಆ ಭಯವನ್ನೂ ಎಂಆರ್‌ಪಿಯಲ್ಲಿ ಸೇರಿಸಿಯೇ ಸ್ಟಿಕ್ಕರ್ ಪ್ರಿಂಟ್ ಮಾಡಿಸುತ್ತಾರೆ. ನೀವು ಚೌಕಾಸಿ ಮಾಡುತ್ತೀರಿ ಅನ್ನುವುದನ್ನೂ ಸೇರಿಸಿಯೇ. ಮೊದಲ 10 ಪರ್ಸೆಂಟ್ ಇದೆಯಲ್ಲ, ಅದು ನಿಮ್ಮ ಸಾಮರ್ಥ್ಯದಿಂದ ಸಿಕ್ಕಿದ್ದಲ್ಲ, ಬಾಗಿಲಲ್ಲಿ ಕಾಲಿಟ್ಟವರಿಗೆಲ್ಲ ಕೊಡುವ ಪಾನಕ.

29ನೇ ತಾರೀಕು ಯಾಕೆ ಫೋನ್ ಬಂತು ಗೊತ್ತಾ? ಇಂಪೋರ್ಟರ್ ಟಾರ್ಗೆಟ್ ಕೊಟ್ಟಿರುತ್ತಾನೆ. ಇಷ್ಟು ಜೋಡಿ ಹೋದರೆ ಇನ್ನೊಂದಿಷ್ಟು ಪರ್ಸೆಂಟ್ ಕ್ರೆಡಿಟ್ ನೋಟ್, ಅಂದರೆ ಮುಂದಿನ ಲೆಕ್ಕದಲ್ಲಿ ಕಳೆದುಕೊಳ್ಳುವ ದುಡ್ಡು. ಒಂದು ಜೋಡಿ ಕಮ್ಮಿ ಬಿದ್ದರೆ ಅಷ್ಟೂ ಹೋಯಿತು. ಆಗ ಕೊನೆಯ ಜೋಡಿಯನ್ನು ಬಿದ್ದ ಬೆಲೆಗೇ ಕೊಟ್ಟರೂ ಲಾಭ. ನೀವು ಆ ಕೊನೆಯ ಜೋಡಿ ಇದ್ದಿರಬಹುದು. ಮಾರ್ಚ್ ಕೊನೆ ವಾರ ನಮ್ಮ ಅಂಗಡಿಯಲ್ಲಿ ಮದುವೆ ಮನೆ ಥರ ಇರುತ್ತಿತ್ತು.

ಇನ್ನು ನಿಮ್ಮ 2,12,000. ನನ್ನ ಲೆಕ್ಕದಲ್ಲಿ ಅಂಗಡಿಗೆ ಸ್ಪೀಕರ್ 1,12,000, ಆಂಪ್ 66,500, ಕೇಬಲ್ 9,000. ಹೌದು, ಕೇಬಲ್‌ನಲ್ಲಿ ಅರ್ಧಕ್ಕರ್ಧ ನಮಗೆ ಉಳಿಯುತ್ತಿತ್ತು. ಅದಕ್ಕೇ ಕೇಬಲ್ ಇಲ್ಲದೆ ಯಾರನ್ನೂ ಹೊರಗೆ ಕಳಿಸಬೇಡ ಅಂತ ನಮಗೆ ಹೇಳಿಕೊಟ್ಟಿದ್ದರು. ಸ್ವಾಮಿಗಳು ಹೇಳಿದ್ದು ನೂರಕ್ಕೆ ನೂರು ಸರಿ. ಒಟ್ಟು 1,87,500. ಅಂದರೆ ಆ ಬೆಲೆಗೆ ಅವರಿಗೆ 24,500 ಉಳಿಯುತ್ತದೆ, ಅದೂ ಜಿಎಸ್‌ಟಿ ಸೇರಿ. ಅನ್ಯಾಯ ಏನಿಲ್ಲ.

ಆದರೆ ಬಿಲ್ ಇಲ್ಲದ 1,95,000 ನೋಡಿ. ಅದೇ ಇಂಪೋರ್ಟರ್‌ನಿಂದ ಬಂದ ಮಾಲಾದರೆ ಅವನಿಗೆ ಉಳಿಯುವುದು 7,500. ಏಳೂವರೆ ಸಾವಿರಕ್ಕೆ ಯಾರೂ ಎರಡು ಲಕ್ಷದ ಮಾಲು ಎತ್ತಿ ಕೊಡುವುದಿಲ್ಲ. ಬಿಲ್ ಇಲ್ಲದೆ ಹೊರಗೆ ಹೋಗುವ ಡಬ್ಬ, ಸಾಮಾನ್ಯವಾಗಿ ಬಿಲ್ ಇಲ್ಲದೆಯೇ ಒಳಗೆ ಬಂದದ್ದು. ಅದರ ಸೀರಿಯಲ್ ನಂಬರ್ ಇಲ್ಲಿನ ಇಂಪೋರ್ಟರ್ ಪುಸ್ತಕದಲ್ಲಿ ಇರುವುದಿಲ್ಲ. ಆಂಪ್ ಒಂದು ವರ್ಷಕ್ಕೆ ಕೈ ಕೊಟ್ಟರೆ ಸರ್ವಿಸ್‌ನವರು ಮೊದಲು ಕೇಳುವುದೇ ಆ ನಂಬರ್. ನಾನೇ ಎಷ್ಟು ಜನರಿಗೆ "ಇದು ನಮ್ಮ ಪೀಸ್ ಅಲ್ಲ ಸರ್" ಅಂದಿದ್ದೇನೋ. ಹೇಳುವಾಗ ಅವರ ಮುಖ ನೋಡಲಾಗುತ್ತಿರಲಿಲ್ಲ.

ನೀವು ಮಾಡಬೇಕಾದ್ದು ಇದು. ಅದೇ ಶೋರೂಮಿಗೆ ಹೋಗಿ. ಎಷ್ಟು ಪರ್ಸೆಂಟ್ ಅಂತ ಕೇಳಬೇಡಿ. "ನಾನು ಕೇಳಿದ ಆ ಜೋಡಿಯನ್ನೇ ಕೊಡುತ್ತೀರಾ?" ಅಂತ ಕೇಳಿ. ಗಿರಾಕಿಗಳಿಗೆ ಕೇಳಿಸಲು ಇಟ್ಟ ಡೆಮೊ ಪೀಸ್ ಅಂಗಡಿಗೆ ಒಂದು ಭಾರ. ಕೆಲವು ಕಂಪನಿ ಡೆಮೊ ಜೋಡಿಯನ್ನು ಇನ್ನೂ ಕಮ್ಮಿಗೆ ಕೊಟ್ಟಿರುತ್ತವೆ, ವರ್ಷದಲ್ಲಿ ಅದನ್ನು ಹೇಗೂ ದಾಟಿಸಬೇಕು. ಸ್ಪೀಕರ್‌ಗೆ ನಾಲ್ಕು ತಿಂಗಳು ಹಾಡಿದ್ದರಿಂದ ಏನೂ ಆಗುವುದಿಲ್ಲ. ಆದರೆ ಗ್ರಿಲ್ (ಮುಂದಿನ ಜಾಲರಿ) ತೆಗೆಸಿ ಟ್ವೀಟರ್ (ತಾರಕ ದನಿ ಬರುವ ಪುಟ್ಟ ಗುಮ್ಮಟ) ನೋಡಿ. ಭಾನುವಾರ ಬರುವ ಮಕ್ಕಳು ಮೊದಲು ಬೆರಳಿಟ್ಟು ಒತ್ತುವುದೇ ಆ ಗುಮ್ಮಟವನ್ನು. ಎರಡು ಸ್ಪೀಕರಿನ ನಂಬರ್ ಜೋಡಿಯದ್ದಾ ನೋಡಿ. ವಾರಂಟಿ ಬಿಲ್ ತಾರೀಕಿನಿಂದ ಅಂತ ಬಿಲ್ಲಿನ ಮೇಲೇ ಬರೆಸಿ. ಬಾಯಿ ಮಾತು ಬೇಡ.

ಇನ್ನೊಂದು ಮರೆತೆ. ನಿಮ್ಮದು ಟರ್ನ್‌ಟೇಬಲ್. ಆಂಪ್‌ನಲ್ಲಿ ಫೋನೊ ಇನ್‌ಪುಟ್, ಅಂದರೆ ಟರ್ನ್‌ಟೇಬಲ್ಲಿನ ಸಣ್ಣ ದನಿ ಹಿಗ್ಗಿಸುವ ಜಾಗ, ಇದೆಯಾ? ಇಲ್ಲದಿದ್ದರೆ ಮನೆಗೆ ಹೋದ ಮೇಲೆ ದನಿ ಸೊಳ್ಳೆ ಥರ ಬರುತ್ತದೆ, ನೀವು ಫೋನ್ ಮಾಡುತ್ತೀರಿ, ಅವರು ಫೋನೊ ಸ್ಟೇಜ್ ಅಂತ ಇನ್ನೊಂದು ಡಬ್ಬ ಮಾರುತ್ತಾರೆ. ಅದರ ಮೇಲೆ ಡಿಸ್ಕೌಂಟ್ ಇರುವುದಿಲ್ಲ.

ಸಾವಿರ ಮೆಟ್ಟಿಲು:

ಫೋನೊ ಇನ್‌ಪುಟ್ ಇದೆ ಸರ್, ಈಗಷ್ಟೇ ನೋಡಿದೆ. ಎದೆ ಧಸಕ್ ಅಂದಿತ್ತು. ತಂಗಿ ಅಮೆರಿಕದಲ್ಲಿದ್ದಾಳೆ, ಜನವರಿಗೆ ಬರುತ್ತಾಳೆ. ಅಲ್ಲಿಂದ ತರಿಸುವುದು ವಾಸಿಯಾ?

ಎಡಿಸನ್ ಕನ್ನಡಿಗ (ನ್ಯೂಜೆರ್ಸಿ):

ತರಿಸುವ ಮಾತು ಬಂತಲ್ಲ, ಅದಕ್ಕೇ ಬಾಯಿ ಹಾಕುತ್ತಿದ್ದೇನೆ. ಇಲ್ಲಿಯೂ ಕಥೆ ಬೇರೆ ಏನಲ್ಲ, ವೇಷ ಬೇರೆ.

ನನ್ನ ಮನೆಯಲ್ಲಿರುವುದು ಕೆಇಎಫ್ ಕಂಪನಿಯ ಎಲ್‌ಎಸ್50 ಮೆಟಾ ಸ್ಪೀಕರ್. 2020ರಲ್ಲಿ ಬಂದಾಗ ಇಲ್ಲಿ ಜೋಡಿಗೆ 1,499.99 ಡಾಲರ್. ನ್ಯೂಜೆರ್ಸಿಯ 6.625 ಪರ್ಸೆಂಟ್ ಸೇಲ್ಸ್ ಟ್ಯಾಕ್ಸ್ ಸೇರಿ 1,600 ಹತ್ತಿರ. ಹತ್ತು ವೆಬ್‌ಸೈಟ್ ತೆರೆದರೆ ಹತ್ತರಲ್ಲೂ ಅದೇ 1,499.99, ಒಂದು ಸೆಂಟ್ ಆಚೀಚೆ ಇರಲಿಲ್ಲ. ಊರಿನಿಂದ ಬಂದ ಹೊಸದರಲ್ಲಿ ನಾನು ಇದನ್ನು ಪ್ರಾಮಾಣಿಕತೆ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಕಂಪನಿಯೇ ಇದಕ್ಕಿಂತ ಕೆಳಗೆ ಜಾಹೀರಾತು ಹಾಕಬಾರದು ಅಂತ ಡೀಲರ್‌ಗೆ ಕಟ್ಟು ಹಾಕಿರುತ್ತದೆ. ಹಾಕಿದರೆ ಮಾಲು ಬಂದ್.

ಈ ವಿಷಯದಲ್ಲಿ ಇಲ್ಲಿ ಒಂದು ಸ್ವಾರಸ್ಯದ ಕೇಸ್ ಇದೆ, ಆಡಿಯೊದ್ದಲ್ಲ, ಚರ್ಮದ ಬ್ಯಾಗು ಬೆಲ್ಟಿನದ್ದು. ಟೆಕ್ಸಾಸ್‌ನ ಒಂದು ಅಂಗಡಿ 20 ಪರ್ಸೆಂಟ್ ಬಿಟ್ಟು ಮಾರಿತು ಅಂತ ಲೀಜಿನ್ ಅನ್ನುವ ಕಂಪನಿ ಅದಕ್ಕೆ ಮಾಲು ಕೊಡುವುದನ್ನೇ ನಿಲ್ಲಿಸಿತು. ಅಂಗಡಿಯವರು ಕೋರ್ಟಿಗೆ ಹೋದರು. 1911ರಿಂದ ಕಂಪನಿ ಹೇಳಿದ ಬೆಲೆಗಿಂತ ಕೆಳಗೆ ಮಾರಬಾರದು ಅನ್ನುವ ಕಟ್ಟು ತಾನಾಗಿಯೇ ಕಾನೂನುಬಾಹಿರ ಅಂತ ಇತ್ತು. 2007ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ಐದಕ್ಕೆ ನಾಲ್ಕರ ತೀರ್ಪಿನಲ್ಲಿ ಅದನ್ನು ತೆಗೆದು ಹಾಕಿತು. ಈಗ ಆಯಾ ಕೇಸ್ ನೋಡಿ ತೀರ್ಮಾನ.

ಹಾಗಾಗಿ ವೆಬ್‌ಸೈಟಿನಲ್ಲಿ ಬಿಡದವರು ಫೋನಿನಲ್ಲಿ ಬಿಡುತ್ತಾರೆ. ನಾನು ಫೋನ್ ಮಾಡಿ, ಬೆಲೆ ಬಗ್ಗೆ ಒಂದು ಮಾತೂ ಆಡದೆ, ಸ್ಟ್ಯಾಂಡ್ ಬಗ್ಗೆ ಕೇಳುತ್ತಾ ಕೂತೆ. ಹತ್ತು ನಿಮಿಷದ ಮೇಲೆ ಅವನೇ ಸ್ಟ್ಯಾಂಡ್ ಅರ್ಧ ಬೆಲೆಗೆ ಕೊಡುತ್ತೇನೆ ಅಂದ. ಸ್ಪೀಕರ್ ಬೆಲೆ ಮುಟ್ಟಿದ ಹಾಗಾಗಲಿಲ್ಲ, ಅವನಿಗೂ ಮಾಲು ಬಂದ್ ಆಗಲಿಲ್ಲ. ಇದು ನಮ್ಮ ಚಿಕ್ಕಪೇಟೆ ಬುದ್ಧಿಯೇ ಅಲ್ವಾ?

ಇನ್ನೊಂದು ತಮಾಷೆ. ಕೆಇಎಫ್ ಇಂಗ್ಲೆಂಡಿನಲ್ಲಿ ಹುಟ್ಟಿದ ಕಂಪನಿ. ಅದೇ ಜೋಡಿ ಆಗ ಅಲ್ಲಿ 999 ಪೌಂಡ್ ಇತ್ತು, 20 ಪರ್ಸೆಂಟ್ ವ್ಯಾಟ್ ಸೇರಿ. ವ್ಯಾಟ್ ತೆಗೆದರೆ 832 ಪೌಂಡ್, ಆಗಿನ ದರದಲ್ಲಿ 1,100 ಡಾಲರ್ ಆಸುಪಾಸು. ಇಲ್ಲಿ ತೆರಿಗೆ ಬಿಟ್ಟೇ 1,500 ಇತ್ತು. ನಿಜವಾದ ಬೆಲೆ ಯಾವುದು ಅಂತ ಕೇಳಿದಿರಿ. ಕಂಪನಿಗೇ ಒಂದು ಊರಿಗೆ ಒಂದು ಬೆಲೆ.

ತಂಗಿ ಹತ್ತಿರ ತರಿಸುವುದು: ಈ ಸ್ಪೀಕರ್ ಒಂದೊಂದು 7.8 ಕಿಲೊ. ಡಬ್ಬ ಸೇರಿದರೆ 23 ಕಿಲೊದ ಒಂದು ಬ್ಯಾಗೇಜ್ ಪೂರ್ತಿ ಅದಕ್ಕೇ ಹೋಗುತ್ತದೆ. ಅಮ್ಮನಿಗೆ ತರುವ ಬಾದಾಮಿ, ಚಾಕೊಲೇಟ್ ಎಲ್ಲಿ ಇಡುತ್ತಾಳೆ? ಡ್ಯೂಟಿ ಫ್ರೀ ಮಿತಿ ದಾಟಿದರೆ ಏರ್‌ಪೋರ್ಟಿನಲ್ಲಿ ಸುಂಕ. ಇಲ್ಲಿನ ವಾರಂಟಿ ಅಲ್ಲಿ ನಡೆಯುತ್ತದೆ ಅಂತ ನಂಬಿಕೊಳ್ಳಬೇಡಿ. ಸ್ಪೀಕರ್‌ಗಾದರೆ ಕರೆಂಟ್ ತಲೆನೋವಿಲ್ಲ. ಆಂಪ್ ಮಾತ್ರ ಬೇಡವೇ ಬೇಡ. ಇಲ್ಲಿ 120 ವೋಲ್ಟ್, ಅಲ್ಲಿ 230. ನನ್ನ ಭಾವ ಒಬ್ಬರು ಇಲ್ಲಿಂದ ಆಂಪ್ ಒಯ್ದು ದಾವಣಗೆರೆಯಲ್ಲಿ ನೇರ ಪ್ಲಗ್ಗಿಗೆ ಹಾಕಿದರು. ಒಂದು ಸಲ ಟಪ್ ಅಂತ ಸದ್ದು ಬಂತು. ಅದು ಮಾಡಿದ ಮೊದಲ ಸದ್ದೂ ಅದೇ, ಕೊನೆಯದೂ ಅದೇ.

ಪಾಟೀಸವಾಲು (ಧಾರವಾಡ):

ಎರಡು ಮಾತು, ಕಾನೂನಿನ ಕಡೆಯಿಂದ.

ನಮ್ಮಲ್ಲಿ ಎಂಆರ್‌ಪಿ ಅಂದರೆ ಗರಿಷ್ಠ ಬೆಲೆ, ಎಲ್ಲ ತೆರಿಗೆ ಸೇರಿ. ಅದರ ಮೇಲೆ ಒಂದು ರೂಪಾಯಿ ಕೇಳಿದರೂ ತಪ್ಪು. ಕೆಳಗೆ ಎಷ್ಟಕ್ಕೆ ಮಾರಿದರೂ ಅಂಗಡಿಯವನ ಇಷ್ಟ. ಹಾಗಾಗಿ ನಾಲ್ಕು ಬೆಲೆ ಹೇಳಿದ್ದು ಮೋಸ ಅಲ್ಲ. ಬಿಲ್ ಇಲ್ಲದ ನಾಲ್ಕನೆಯದು ಮಾತ್ರ ಬೇರೆ ಜಾತಿ.

ಡಬ್ಬದ ಮೇಲಿನ ಸ್ಟಿಕ್ಕರ್ ಓದಿ. 2011ರ ಪ್ಯಾಕೇಜ್ಡ್ ಕಮೊಡಿಟಿ ನಿಯಮದ ಪ್ರಕಾರ ಆಮದು ಮಾಲಿನ ಮೇಲೆ ಇಂಪೋರ್ಟರ್ ಹೆಸರು, ವಿಳಾಸ, ಎಂಆರ್‌ಪಿ, ತಿಂಗಳು, ವರ್ಷ, ದೂರು ಹೇಳಲು ಫೋನ್ ಎಲ್ಲ ಇರಬೇಕು. ಸ್ಟಿಕ್ಕರ್ ಮೇಲೆ ಸ್ಟಿಕ್ಕರ್ ಇದ್ದರೆ ನಿಲ್ಲಿ. ಬೆಲೆ ಇಳಿಸಲು ಹೊಸ ಸ್ಟಿಕ್ಕರ್ ಹಚ್ಚಬಹುದು, ಹಳೆಯದನ್ನು ಮುಚ್ಚದ ಹಾಗೆ. ಏರಿಸಲು ಹಚ್ಚುವ ಹಾಗಿಲ್ಲ. ಸ್ಟಿಕ್ಕರೇ ಇಲ್ಲದ ಡಬ್ಬ ಎಲ್ಲಿಂದ ಬಂತು ಅಂತ ತರೀಕೆರೆಯವರು ಹೇಳಿದ್ದಾರೆ.

ಎಡಿಸನ್ನಿನವರು ಹೇಳಿದ ಕಟ್ಟು ನಮ್ಮಲ್ಲೂ ಪ್ರಶ್ನೆಗೆ ಬಂದಿದೆ. 2021ರ ಆಗಸ್ಟ್‌ನಲ್ಲಿ ಡೀಲರ್‌ಗಳು ಹೆಚ್ಚು ಡಿಸ್ಕೌಂಟ್ ಕೊಡದ ಹಾಗೆ ತಡೆದರು ಅಂತ ಸ್ಪರ್ಧಾ ಆಯೋಗ ಮಾರುತಿ ಸುಝುಕಿಗೆ 200 ಕೋಟಿ ರೂಪಾಯಿ ದಂಡ ಹಾಕಿತು. ಕಂಪನಿ ಮೇಲ್ಮನವಿ ಹೋಯಿತು. "ಕಂಪನಿಯವರು ಬಿಡಲ್ಲ ಸರ್" ಅಂತ ನಿಮ್ಮ ಅಂಗಡಿಯವರು ಹೇಳಿದರೆ ಇದನ್ನು ನೆನಪಿಸಿ. ಬೆಲೆ ಇಳಿಯುತ್ತದೆ ಅಂತ ನಾನು ಹೇಳುತ್ತಿಲ್ಲ, ಆದರೆ ಮುಖ ನೋಡಲು ಚೆನ್ನಾಗಿರುತ್ತದೆ. ಮಾಲು ಕೈ ಕೊಟ್ಟು ಅವರೂ ಕೈ ಎತ್ತಿದರೆ ಗ್ರಾಹಕರ ಸಹಾಯವಾಣಿ 1915. ಆದರೆ ಮೊದಲು ಬಿಲ್ ಇರಬೇಕು.

ಕೌಂಟರ್ ಹಿಂದಿನವನು:

ವಕೀಲರೇ, ಆ ಮುಖ ನನ್ನದೂ ಒಂದು ಕಾಲದಲ್ಲಿ ಆಗಿತ್ತು. "ಕಂಪನಿಯವರು ಬಿಡಲ್ಲ" ಅನ್ನುವುದನ್ನು ದಿನಕ್ಕೆ ಹತ್ತು ಸಲ ಹೇಳಿದ್ದೇನೆ. ಅರ್ಧ ಸಲ ನಿಜವೂ ಆಗಿತ್ತು.

ಮೈಸೂರಿನ ಅಣ್ಣ, ತಲೆ ಬೋಳಿಸಲು ಕೂತಿದ್ದರಾ ಅಂತ ಕೇಳಿದಿರಿ. ಅದಕ್ಕೆ ನಾನು ಉತ್ತರ ಕೊಟ್ಟಿರಲಿಲ್ಲ. 2,47,500ಕ್ಕೆ ನೀವು ಹೂಂ ಅಂದಿದ್ದರೆ ತೆಗೆದುಕೊಳ್ಳುತ್ತಿದ್ದೆವು, ಹೌದು. ನಮ್ಮಲ್ಲಿ ಹಾಗೆ ಕೊಟ್ಟು ಹೋದವರು ಇದ್ದರು. ಆದರೆ ಇನ್ನೊಬ್ಬರು ಮೂರು ಭಾನುವಾರ ಬಂದು, ಕೋಣೆಯಲ್ಲಿ ಗಂಟೆಗಟ್ಟಲೆ ಕೇಳಿ, ಮಾಡೆಲ್ ನಂಬರ್ ಬರೆದುಕೊಂಡು ಹೋಗಿ ಬಿಲ್ ಇಲ್ಲದೆ ಬೇರೆ ಕಡೆ ಕೊಳ್ಳುತ್ತಿದ್ದರು. ಅವರು ಕೂತು ಕೇಳಿದ ಕೋಣೆಯ ಬಾಡಿಗೆ ಮೊದಲನೆಯವರು ಕಟ್ಟಿದ ಹಾಗೆ ಲೆಕ್ಕ. ನೀವು ಎಲ್‌ಪಿ ಒಯ್ದಿರಿ, ಅವರು ಹಾಕಿದರು, ಮುಕ್ಕಾಲು ಗಂಟೆ ಕೂತಿರಿ. ಅಲ್ಲೇ ಕೊಳ್ಳಿ. ಕೇಬಲ್ ಬಿಟ್ಟು.

ಸಾವಿರ ಮೆಟ್ಟಿಲು:

ಮುಗಿಯಿತು. ಹೇಳಿಬಿಡುತ್ತೇನೆ.

ನಿನ್ನೆ ಹೋಗಿದ್ದೆ, ಅದೇ ಶೋರೂಮಿಗೆ. ಅದೇ ಹುಡುಗ, ಅದೇ ಕಾಫಿ. ಪರ್ಸೆಂಟ್ ಮಾತು ಎತ್ತಲಿಲ್ಲ. "ನಾನು ಕೇಳಿದ ಜೋಡಿಯನ್ನೇ ಕೊಡುತ್ತೀರಾ?" ಅಂದೆ. ಅವನು ಒಂದು ಕ್ಷಣ ನನ್ನನ್ನೇ ನೋಡಿದ. ಒಳಗೆ ಹೋಗಿ ಮಾಲೀಕರನ್ನು ಕರೆದುಕೊಂಡು ಬಂದ. ಅವರು ಕೇಳಿದ್ದು ಒಂದೇ ಮಾತು: "ಯಾರಾದರೂ ನಮ್ಮ ಲೈನಿನವರು ಹೇಳಿ ಕಳಿಸಿದರಾ ಸರ್?" ನಾನು ತರೀಕೆರೆ ಅನ್ನಲಿಲ್ಲ, ಹೆದರಬೇಡಿ.

ಗ್ರಿಲ್ ತೆಗೆಸಿದೆ. ಬಲಗಡೆಯ ಟ್ವೀಟರ್ ಚೆನ್ನಾಗಿತ್ತು, ಎಡಗಡೆಯದೂ ಚೆನ್ನಾಗಿತ್ತು. ಪಕ್ಕದ ಇನ್ನೊಂದು ಜೋಡಿಯದ್ದು ಮಾತ್ರ ಹೆಬ್ಬೆರಳಿನಷ್ಟು ಒಳಗೆ ಹೋಗಿತ್ತು. ಅದನ್ನು ನೋಡಿ ನಾನು ನಕ್ಕೆ, ಆ ಹುಡುಗನೂ ನಕ್ಕ. "ಹೋದ ಭಾನುವಾರ ಸರ್" ಅಂದ. ಡಬ್ಬ ತರಿಸಿ ನಂಬರ್ ನೋಡಿದೆ, ಎ, ಬಿ ಅಂತ ಜೋಡಿಯದ್ದೇ. ಸ್ಟಿಕ್ಕರ್ ಒಂದೇ ಇತ್ತು. ಇಂಪೋರ್ಟರ್ ವಿಳಾಸ, ತಿಂಗಳು, ವರ್ಷ ಎಲ್ಲ ಓದಿದೆ. ಕನ್ನಡಕ ತೆಗೆದು ಹತ್ತಿರ ಹಿಡಿದು ಓದಿದ್ದಕ್ಕೆ ಮಾಲೀಕರಿಗೆ ನಾನು ಯಾವುದೋ ಇಲಾಖೆಯವನು ಅನ್ನಿಸಿತೋ ಏನೋ, ಎರಡನೇ ಕಾಫಿ ಬಂತು.

ಬೆಲೆ: ಡೆಮೊ ಸ್ಪೀಕರ್ 1,16,000. ಆಂಪ್ ಹೊಸದು, ಸೀಲ್ ಒಡೆಯದ್ದು, 80,000. ಒಟ್ಟು 1,96,000, ಬಿಲ್ ಸಮೇತ. ವಾರಂಟಿ ಬಿಲ್ ತಾರೀಕಿನಿಂದ ಅಂತ ಕೈಯಲ್ಲಿ ಬರೆದು ಸೀಲ್ ಹೊಡೆದರು. ಕೇಬಲ್ ಬೇಡ ಅಂದಾಗ ಮಾತ್ರ ಹುಡುಗನ ಮುಖ ಬಾಡಿತು. ಅಷ್ಟು ಒಳ್ಳೆಯ ಸ್ಪೀಕರ್‌ಗೆ ಮಾಮೂಲಿ ವೈರ್ ಹಾಕುವುದು ರೇಷ್ಮೆ ಸೀರೆಗೆ ಪಿನ್ನು ಹಾಕಿದ ಹಾಗೆ ಅಂದ. ನಮ್ಮ ಮನೆಯಲ್ಲಿ ಎಲ್ಲರೂ ರೇಷ್ಮೆ ಸೀರೆಗೆ ಪಿನ್ನೇ ಹಾಕುವುದು ಅಂದೆ.

ಅಲ್ಲಿಂದ ಎಸ್‌ಪಿ ರೋಡ್. ಬ್ಲೇಡ್ ಕೇಳಿದೆ, ತುದಿ ಕೆರೆದೆ, ಒಳಗೂ ಕೆಂಪಗಿತ್ತು. ವೈರ್ ತುದಿಗೆ ಹಾಕುವ ಬನಾನಾ ಪ್ಲಗ್ ಸೇರಿ 1,400 ಆಯಿತು. ಅಂದರೆ ಬಿಲ್ ಇಲ್ಲದವನ ಬೆಲೆಗಿಂತ 2,400 ಜಾಸ್ತಿ ಕೊಟ್ಟಿದ್ದೇನೆ. ಸ್ವಾಮಿಗಳೇ, ಎರಡು ವೈರ್ ತುದಿ ನಾನೇ ಸೋಲ್ಡರ್ ಮಾಡಿದೆ. ಒಂದು ಬೆರಳು ಸುಟ್ಟಿದೆ.

ರಾತ್ರಿ ಹತ್ತಕ್ಕೆ ಮನೆ ಮುಟ್ಟಿದೆ. ಜೋಡಿಸಿ ಅಪ್ಪನ ಅದೇ ಎಲ್‌ಪಿ ಹಾಕಿದೆ. ಅಮ್ಮ ಅಡುಗೆಮನೆಯಿಂದ ಬಂದು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಾಗಿಲಲ್ಲೇ ನಿಂತಳು. ಒಂದು ಬದಿ ಮುಗಿಯುವವರೆಗೂ ಕೂರಲಿಲ್ಲ. ಹೆಂಡತಿ ಬಿಲ್ ನೋಡಿಲ್ಲ. ಬಿಲ್ಲು ಈಗ ಎಲ್‌ಐಸಿ ಫೈಲಿನಲ್ಲಿದೆ.

ಇಂದು ಬೆಳಗ್ಗೆ ಎದ್ದು ನೋಡಿದರೆ ಅಮ್ಮ ಎರಡು ಸ್ಪೀಕರ್ ಮೇಲೂ ಕ್ರೋಶಾ ಬಟ್ಟೆ ಹೊದಿಸಿ, ಒಂದರ ಮೇಲೆ ಚನ್ನಪಟ್ಟಣದ ಗೊಂಬೆ ಇಟ್ಟಿದ್ದಾಳೆ. ಬಟ್ಟೆ ಸರಿಯಾಗಿ ಟ್ವೀಟರ್‌ವರೆಗೆ ಇಳಿದಿದೆ. ಅದನ್ನು ತೆಗೆಯುವುದು ಹೇಗೆ ಅಂತ ಯಾರಿಗಾದರೂ ಗೊತ್ತಾ?

ಸೋಲ್ಡರ್ ಸ್ವಾಮಿ:

ಅದಕ್ಕ ಯಾವ ಅಂಗಡಿಯಾಗೂ ಡಿಸ್ಕೌಂಟ್ ಇಲ್ರಿ ಸರ್. ಗೊಂಬೆ ಮಾತ್ರ ನಡುವೆ ಸರಿಸ್ರಿ, ಬೇಸ್ ಹೊಡೆದಾಗ ಬೀಳ್ತದ.